ಆರೋಗ್ಯಧಾಮದಿಂದ ಅಂಗಳಕ್ಕೆ: ಕ್ಷಯದ ಆರೈಕೆ ನಡೆದುಬಂದ ದಾರಿ

ಸಂಕೇಶ್ವರದ ಮಗ್ಗುಲಲ್ಲಿರುವ ನಿಡಸೋಸಿಯಿಂದ ಹುಕ್ಕೇರಿ ದಾಟಿ ಪೂರ್ವಕ್ಕೆ ಹೊರಟರೆ ಘಟಪ್ರಭಾ ಸಿಗುತ್ತದೆ. ಹೊಳೆಯ ಹೆಸರೇ ಊರಿಗೂ ರೈಲು ನಿಲ್ದಾಣಕ್ಕೂ ಬಂದಿದೆ. ಮಿರಜ್ ಮತ್ತು ಬೆಳಗಾವಿಗಳ ನಡುವಿನ ಈ ನಿಲ್ದಾಣದಲ್ಲಿ ಒಂದು ಕಾಲಕ್ಕೆ ಇಳಿಯುತ್ತಿದ್ದವರಲ್ಲಿ ಗೋಕಾಕದ ಜಲಪಾತ ನೋಡಲು ಬಂದವರಷ್ಟೇ ಇರಲಿಲ್ಲ, ಕಾಯಿಲೆ ಬಿದ್ದು ಆರೈಕೆ ಅರಸಿ ಬಂದವರೂ ಇದ್ದರು. 1929ರಲ್ಲಿ ಡಾ. ಕೋಕಟನೂರರು ಇಲ್ಲಿ ಕಟ್ಟಿದ ಕರ್ನಾಟಕ ಆರೋಗ್ಯಧಾಮ ಈ ಭಾಗದ ಹಳ್ಳಿಗಳಿಗೆಲ್ಲ ಪರಿಚಿತವಾದ ಹೆಸರು. ಹಿಂದೂಸ್ತಾನಿ ಸೇವಾದಳವನ್ನು ಸ್ಥಾಪಿಸಿದ ಡಾ. ನಾ. ಸು. ಹರ್ಡೀಕರರ ಹೆಸರೂ ಘಟಪ್ರಭೆಯೊಂದಿಗೆ ಬೆಸೆದುಕೊಂಡಿದೆ.

‘ಆರೋಗ್ಯಧಾಮ’ ಎಂಬ ಮಾತಿನ ಹಿಂದೆ ಒಂದು ಇಡೀ ಯುಗದ ವೈದ್ಯಚಿಂತನೆ ಇದೆ. ಆ ಯುಗವನ್ನು ಆಳಿದ ರೋಗ ಕ್ಷಯ. ಅದರ ಆರೈಕೆ ಊರಾಚೆಯ ಧಾಮಗಳಿಂದ ಹೊರಟು ಮನೆಯಂಗಳಕ್ಕೆ ಬಂದದ್ದು ಹೇಗೆ, ಹಾಗೆ ಬಂದಾಗ ಅದರ ಭಾರ ಯಾರ ಹೆಗಲಿಗೆ ಬಿತ್ತು ಎಂಬುದು ತಿಳಿಯಬೇಕಾದ ಕಥೆ. ಈ ಕಥೆಯ ಮುಖ್ಯ ಅಧ್ಯಾಯಗಳಲ್ಲಿ ಕೆಲವು ನಡೆದದ್ದು ನಮ್ಮ ಕರ್ನಾಟಕದಲ್ಲಿಯೇ.

ಗಾಳಿ, ಬಿಸಿಲು, ಹಾಲು

1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಕ್ ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ತೋರಿಸಿಕೊಟ್ಟ. ಕಾರಣ ತಿಳಿಯಿತು, ಮದ್ದು ಸಿಗಲಿಲ್ಲ. ಮದ್ದಿಗಾಗಿ ಇನ್ನೂ ಅರವತ್ತು ವರ್ಷ ಕಾಯಬೇಕಾಯಿತು. ಅಲ್ಲಿಯವರೆಗೆ ವೈದ್ಯರ ಕೈಯಲ್ಲಿ ಇದ್ದದ್ದು ಒಳ್ಳೆಯ ಗಾಳಿ, ಬಿಸಿಲು, ವಿಶ್ರಾಂತಿ, ಹಾಲು ಮತ್ತು ಮೊಟ್ಟೆ. ಇವೆಲ್ಲ ಒಂದೆಡೆ ಸಿಗುವಂತೆ ಊರಾಚೆಯ ಒಣಹವೆಯ ಜಾಗಗಳಲ್ಲಿ ಧಾಮಗಳು ಎದ್ದವು. ದಕ್ಷಿಣದಲ್ಲಿ ಮದನಪಲ್ಲಿಯ ಆರೋಗ್ಯವರಂ 1915ರಲ್ಲಿ ಬಂತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ 1921ರಲ್ಲಿ ಕ್ಷಯರೋಗ ಆಸ್ಪತ್ರೆ ಕಟ್ಟಿಸಿದರು. ಆ ಸೋದರಿಯನ್ನು ಬಲಿ ತೆಗೆದುಕೊಂಡದ್ದೂ ಕ್ಷಯವೇ. ಅರಮನೆಯ ಗೋಡೆಯೂ ಈ ರೋಗವನ್ನು ತಡೆಯಲಿಲ್ಲ.

ಆದರೆ ಧಾಮದ ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ. ರೋಗಿಗಳ ಸಂಖ್ಯೆಯ ಮುಂದೆ ಹಾಸಿಗೆಗಳು ಏನೇನೂ ಸಾಲದು. ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಮಲಗುವ ಭಾಗ್ಯ ದುಡಿದು ಉಣ್ಣುವವನಿಗೆ ಎಲ್ಲಿಂದ ಬರಬೇಕು? ಮನೆಯಿಂದ ದೂರ ಕಳುಹಿಸುವುದರಲ್ಲಿ ಮಂದಿಯ ಅಂಜಿಕೆಯೂ ಕೂಡಿತ್ತು. ಕ್ಷಯ ಬಂದ ಮನೆಯಿಂದ ಹೆಣ್ಣು ತರುವುದಿಲ್ಲ, ಆ ಮನೆಗೆ ಹೆಣ್ಣು ಕೊಡುವುದಿಲ್ಲ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆಯಿತು.

ಮದರಾಸು ಕೊಟ್ಟ ಉತ್ತರ

1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಬಂತು. 1952ರಲ್ಲಿ ಅಗ್ಗದ ಐಸೊನಿಯಾಜಿಡ್ ಮಾತ್ರೆ ಬಂತು. ಆಗ ಒಂದು ದೊಡ್ಡ ಪ್ರಶ್ನೆ ಎದ್ದಿತು. ಮಾತ್ರೆಯೇ ರೋಗ ಗುಣಪಡಿಸುವುದಾದರೆ ಧಾಮ ಏಕೆ ಬೇಕು?

ಇದಕ್ಕೆ ಉತ್ತರ ಹುಡುಕಿದ್ದು ಮದರಾಸಿನಲ್ಲಿ. 1956ರಲ್ಲಿ ಅಲ್ಲಿ ತೆರೆದ ಕೇಂದ್ರವೊಂದು ನಗರದ ಬಡ ಕೇರಿಗಳ ಸುಮಾರು ಇನ್ನೂರು ರೋಗಿಗಳನ್ನು ಎರಡು ಪಾಲು ಮಾಡಿತು. ಒಂದು ಪಾಲಿನವರಿಗೆ ಧಾಮದಲ್ಲಿ ಹಾಸಿಗೆ, ವಿಶ್ರಾಂತಿ, ಒಳ್ಳೆಯ ಊಟ. ಇನ್ನೊಂದು ಪಾಲಿನವರು ತಮ್ಮ ಇಕ್ಕಟ್ಟಾದ ಮನೆಗಳಲ್ಲಿಯೇ ಉಳಿದರು. ಇಬ್ಬರಿಗೂ ಒಂದೇ ಔಷಧಿ. ಒಂದು ವರ್ಷದ ಕೊನೆಗೆ ನೋಡಿದರೆ ಗುಣವಾದವರ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಮನೆಯಲ್ಲಿದ್ದ ರೋಗಿಯಿಂದ ಮನೆಯವರಿಗೆ ಹೆಚ್ಚಿನ ಅಪಾಯವೂ ಕಾಣಲಿಲ್ಲ. 1959ರಲ್ಲಿ ಹೊರಬಿದ್ದ ಈ ಫಲಿತಾಂಶ ಜಗತ್ತಿನ ಧಾಮಗಳ ಬುಡವನ್ನೇ ಅಲುಗಾಡಿಸಿತು.

ಅದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅದರ ಕೆಲಸಗಾರರು ಬೆಂಗಳೂರು ಸುತ್ತಲ ಹಳ್ಳಿಗಳನ್ನು 1961ರಿಂದ 1968ರವರೆಗೆ ಮತ್ತೆ ಮತ್ತೆ ಸುತ್ತಿ ಒಂದು ಕಠೋರ ಸತ್ಯವನ್ನು ದಾಖಲಿಸಿದರು. ಚಿಕಿತ್ಸೆ ಇಲ್ಲದ ಕ್ಷಯರೋಗಿಗಳಲ್ಲಿ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನ ತೀರಿಕೊಳ್ಳುತ್ತಾರೆ. ಮೂರನೆಯ ಒಂದು ಪಾಲು ತಾವಾಗಿಯೇ ಗುಣವಾಗುತ್ತಾರೆ. ಉಳಿದವರು ರೋಗ ಹಂಚುತ್ತ ಬದುಕಿರುತ್ತಾರೆ.

ಈ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಖ್ಯವಾದದ್ದು. ಹಳ್ಳಿಯವರಿಗೆ ಅರಿವಿಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಎಂದು ಪಟ್ಟಣದವರು ನಂಬಿದ್ದರು. ಅಧ್ಯಯನ ಬೇರೆಯದನ್ನೇ ಹೇಳಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರಗಳ ಅರಿವಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅವರಿಗೆ ಸಿಕ್ಕದ್ದು ಕಫ ಪರೀಕ್ಷೆಯಲ್ಲ, ಕೆಮ್ಮಿನ ಔಷಧಿಯ ಸೀಸೆ! ತಪ್ಪು ರೋಗಿಯದಲ್ಲ, ವ್ಯವಸ್ಥೆಯದು ಎಂದು ಅಂಕಿಅಂಶಗಳ ಸಹಿತ ಹೇಳಿದ ಈ ಪಾಠದ ಮೇಲೆ 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ನಿಂತಿತು. ಹತ್ತಿರದ ಆಸ್ಪತ್ರೆಯಲ್ಲಿಯೇ ಕಫ ಪರೀಕ್ಷೆ, ಮನೆಯಲ್ಲಿಯೇ ಚಿಕಿತ್ಸೆ ಎಂಬುದು ಅದರ ಸೂತ್ರ.

ರೋಗ ಹೋದರೂ ಉಳಿಯುವುದು

ಮನೆಯಲ್ಲಿ ಚಿಕಿತ್ಸೆ ಎಂದರೆ ನಿಂತಷ್ಟು ಸುಲಭವಲ್ಲ. ಕೆಮ್ಮು ತಗ್ಗಿದ ಕೂಡಲೇ ಮಾತ್ರೆ ಬಿಡುವವರು ಬಹಳ. ಅರ್ಧಕ್ಕೆ ಬಿಟ್ಟ ರೋಗ ಮದ್ದಿಗೆ ಬಗ್ಗದ ರೋಗವಾಗಿ ಮರಳುತ್ತದೆ. ಆದ್ದರಿಂದ 1997ರಿಂದ ಯಾರಾದರೊಬ್ಬರು ಕಣ್ಣೆದುರಿಗೇ ಮಾತ್ರೆ ನುಂಗಿಸುವ ‘ಡಾಟ್ಸ್’ ಪದ್ಧತಿ ದೇಶದಲ್ಲಿ ಹಂತಹಂತವಾಗಿ ಜಾರಿಗೆ ಬಂತು.

ಕ್ಷಯ ವಾಸಿಯಾದ ಮೇಲೂ ಕೆಲವರಲ್ಲಿ ಅದರ ಗುರುತು ಉಳಿಯುತ್ತದೆ. ರೋಗ ಬೆನ್ನೆಲುಬಿಗೆ ತಗುಲಿದರೆ ಗೂನು ಬೀಳುತ್ತದೆ, ಕಾಲಿನ ಬಲ ಹೋಗಬಹುದು. ಮಕ್ಕಳ ಮಿದುಳಿನ ಪೊರೆಗೆ ತಗುಲಿದರೆ ಜೀವ ಉಳಿದರೂ ಕಿವಿ, ಕಣ್ಣು, ಬುದ್ಧಿಗೆ ಪೆಟ್ಟಾಗಬಹುದು. ಇನ್ನೊಂದು ಕಹಿ ಸಂಗತಿಯೂ ಉಂಟು. ಸ್ಟ್ರೆಪ್ಟೊಮೈಸಿನ್, ಕೆನಮೈಸಿನ್ ಚುಚ್ಚುಮದ್ದುಗಳು ಜೀವ ಉಳಿಸಿದವು, ಆದರೆ ಕೆಲವರ ಕಿವಿಯನ್ನು ಕಸಿದುಕೊಂಡವು. 2016ರ ನಂತರ ಬೆಡಾಕ್ವಿಲಿನ್ ಮುಂತಾದ ಮಾತ್ರೆಗಳು ಬಂದು ಈ ಚುಚ್ಚುಮದ್ದುಗಳು ಹಿಂದೆ ಸರಿದವು.

ಹೀಗೆ ಆರೋಗ್ಯದ ಪ್ರಶ್ನೆ ಅಂಗವೈಕಲ್ಯದ ಪ್ರಶ್ನೆಯೊಂದಿಗೆ ಕೂಡಿಕೊಳ್ಳುತ್ತದೆ. 1995ರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯಿದೆ ಅದನ್ನು 21ಕ್ಕೆ ಏರಿಸಿತು. ಕಾಯಿದೆಯ ಮಾತು ಹಳ್ಳಿಯ ಮನೆ ಮುಟ್ಟಬೇಕಾದರೆ ಮುಟ್ಟಿಸುವವರು ಬೇಕಲ್ಲ? ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಬ್ಬರಂತೆ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಆ ಕೆಲಸದವರು. ವಿಶೇಷವೆಂದರೆ ಅವರೂ ಅಂಗವಿಕಲರೇ. ಗುರುತಿನ ಚೀಟಿ, ಮಾಸಾಶನ, ಗಾಲಿಕುರ್ಚಿಗಳಿಗಾಗಿ ತಾಲೂಕು ಕಚೇರಿಗೆ ಅಲೆಯುವ ಕಷ್ಟವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸೇವೆ ಎಂಬ ಮಾತು

ಇನ್ನು ಕ್ಷಯದ ಮಾತ್ರೆ ನುಂಗಿಸುವವರು ಯಾರು? 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದೀಚೆಗೆ ಹೆಚ್ಚಿನ ಹಳ್ಳಿಗಳಲ್ಲಿ ಆ ಹೊಣೆ ಆಶಾ ಕಾರ್ಯಕರ್ತೆಯರದು. ಸಾವಿರ ಜನಸಂಖ್ಯೆಗೆ ಒಬ್ಬಳು ಆಶಾ, ಅದೇ ಊರಿನ ಸೊಸೆ ಅಥವಾ ಮಗಳು. ಬಾಣಂತಿ, ಕೂಸು, ಲಸಿಕೆ, ಜ್ವರದ ಲೆಕ್ಕಗಳ ಜೊತೆಗೆ ಕ್ಷಯರೋಗಿಯ ಆರು ತಿಂಗಳ ಮಾತ್ರೆಯ ಲೆಕ್ಕವೂ ಅವಳದೇ. ಒಬ್ಬ ರೋಗಿಯನ್ನು ಚಿಕಿತ್ಸೆಯ ಕೊನೆ ಮುಟ್ಟಿಸಿದರೆ ಸರ್ಕಾರ ನಿಗದಿ ಮಾಡಿದ ಪ್ರೋತ್ಸಾಹಧನ ಒಂದು ಸಾವಿರ ರೂಪಾಯಿ. ತಿಂಗಳಿಗೆ ಹಂಚಿದರೆ ನೂರೆಪ್ಪತ್ತು ರೂಪಾಯಿಯೂ ಆಗದು.

ಸರ್ಕಾರದ ಲೆಕ್ಕದಲ್ಲಿ ಆಶಾ ನೌಕರಳಲ್ಲ, ಸ್ವಯಂಸೇವಕಿ. ಇಲ್ಲಿ ನಮಗೆ ಮತ್ತೆ ಹರ್ಡೀಕರರ ನೆನಪಾಗುತ್ತದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅವರ ಸೇವಾದಳದವರು, ಉಮಾಬಾಯಿ ಕುಂದಾಪುರರ ನೇತೃತ್ವದ ಮಹಿಳೆಯರು ದುಡಿದ ಬಗೆಯನ್ನು ಈ ಸೀಮೆ ಈಗಲೂ ಹೆಮ್ಮೆಯಿಂದ ನೆನೆಯುತ್ತದೆ. ಆ ಸೇವೆ ಕೆಲ ದಿನಗಳದು, ತಾವಾಗಿ ಒಪ್ಪಿಕೊಂಡದ್ದು, ಒಂದು ಮಹಾಕಾರ್ಯಕ್ಕಾಗಿ ಮಾಡಿದ್ದು. ವರ್ಷದ ಎಲ್ಲ ದಿನ, ಮೇಲಿನವರ ಆಜ್ಞೆಯಂತೆ, ಲೆಕ್ಕದ ಪುಸ್ತಕ ಹಿಡಿದು ಮಾಡುವ ದುಡಿಮೆಗೂ ಅದೇ ‘ಸೇವೆ’ಯ ಹೆಸರಿಟ್ಟು ಸಂಬಳದ ಮಾತನ್ನು ತಪ್ಪಿಸುವುದು ಆ ಮಾತಿಗೆ ಮಾಡುವ ಮರ್ಯಾದೆಯೇ?

2020ರ ಕೊರೊನಾ ಕಾಲದಲ್ಲಿ ಎಲ್ಲರೂ ಬಾಗಿಲು ಮುಚ್ಚಿಕೊಂಡಾಗ ಬಾಗಿಲು ಬಾಗಿಲಿಗೆ ಹೋದವರು ಇವರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಗೌರವಿಸಿತು. 2025ರ ಜನವರಿಯಲ್ಲಿ ಇದೇ ಆಶಾಗಳು ನಿಶ್ಚಿತ ಗೌರವಧನಕ್ಕಾಗಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಕುಳಿತರು. ಅಂಗನವಾಡಿಯವರಿಗೆ ಉಪದಾನದ ಹಕ್ಕುಂಟು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಹಕ್ಕಿನ ಮಾತು ಹೀಗೆ ಒಂದೊಂದೇ ಹೆಜ್ಜೆ ಇಡುತ್ತಿದೆ.

ತುತ್ತು ಮತ್ತು ಮಾತ್ರೆ

ಕಥೆಗೆ ಇತ್ತೀಚಿನ ಒಂದು ತಿರುವು ಇದೆ. ಮದರಾಸಿನ ಪ್ರಯೋಗದ ನಂತರ ಊಟದ ಮಾತು ಹಿಂದೆ ಸರಿದಿತ್ತು, ಮಾತ್ರೆಯೇ ಮುಂದಾಗಿತ್ತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಯವರಿಗೂ ಆಹಾರಧಾನ್ಯ ಕೊಟ್ಟು ನೋಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ತಗ್ಗಿತು. ಇರುವ ರೋಗವನ್ನು ಮಾತ್ರೆ ಗುಣಪಡಿಸುತ್ತದೆ, ಬರುವ ರೋಗವನ್ನು ತುತ್ತು ತಡೆಯುತ್ತದೆ. ಧಾಮದ ಹಿರಿಯರು ಹಾಲು, ಮೊಟ್ಟೆ ಎಂದದ್ದು ಪೂರ್ತಿ ಸುಳ್ಳಾಗಿರಲಿಲ್ಲ. 2018ರಲ್ಲಿ ಪ್ರತಿ ರೋಗಿಗೆ ತಿಂಗಳಿಗೆ ಐನೂರು ರೂಪಾಯಿಯಂತೆ ಆರಂಭವಾದ ಪೋಷಣೆಯ ನೆರವು 2024ರ ನವೆಂಬರಿನಿಂದ ಸಾವಿರ ರೂಪಾಯಿಗೆ ಏರಿದೆ.

2025ರೊಳಗೆ ಕ್ಷಯವನ್ನು ಮುಗಿಸುವ ಗುರಿಯನ್ನು ಭಾರತ ಇಟ್ಟುಕೊಂಡಿತ್ತು. ಗುರಿ ಕೈಗೂಡಲಿಲ್ಲ. ಜಗತ್ತಿನ ನಾಲ್ವರು ಕ್ಷಯರೋಗಿಗಳಲ್ಲಿ ಒಬ್ಬರು ಈಗಲೂ ಭಾರತೀಯರು.

ನಿಡಸೋಸಿ ದುರದುಂಡೀಶ್ವರ ಮಠದ ಊರು. ಹಸಿದು ಬಂದವರಿಗೆ ಅನ್ನವಿಕ್ಕುವ ದಾಸೋಹ ಈ ಸೀಮೆಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿಯ ಹಳ್ಳಿಗಳಲ್ಲಿ ರೋಗಿಯನ್ನು ಈಗ ಯಾರೂ ರೈಲು ಹತ್ತಿಸಿ ಧಾಮಕ್ಕೆ ಕಳುಹಿಸುವುದಿಲ್ಲ. ಆರೈಕೆಯೇ ಅವನ ಅಂಗಳಕ್ಕೆ ಬರುತ್ತದೆ. ಅದನ್ನು ಹೊತ್ತು ತರುವ ಹೆಣ್ಣುಮಗಳ ಒಲೆಯೂ ಉರಿಯಬೇಕು ಎಂಬುದನ್ನು ನಾವು ಮರೆಯದಿದ್ದರೆ, ಘಟಪ್ರಭೆಯ ದಂಡೆಯಲ್ಲಿ ಆರೋಗ್ಯಧಾಮ ಕಟ್ಟಿದವರ ಕೆಲಸ ಮುಂದುವರಿದಂತೆ.