ಆಹಾರ ವರ್ಜನ ಕ್ರಮದ ಅವಧಿಯಲ್ಲಿ ಪೊಟ್ಟಣದ ಆಹಾರಗಳ ಪದಾರ್ಥ ಪಟ್ಟಿಯ ಪರಿಶೀಲನೆ

ಕೆಲವು ಆಹಾರಗಳನ್ನು ಸೇವಿಸಿದ ನಂತರ ಹೊಟ್ಟೆ ಉಬ್ಬರ, ಭೇದಿ ಅಥವಾ ಚರ್ಮದ ತುರಿಕೆ ಮರುಕಳಿಸುವ ವ್ಯಕ್ತಿಗಳಿಗೆ, ಕಾರಣವಾದ ಆಹಾರವನ್ನು ಗುರುತಿಸುವ ಸಲುವಾಗಿ ವೈದ್ಯರು ಆಹಾರ ವರ್ಜನ ಕ್ರಮವನ್ನು ಸೂಚಿಸುವುದುಂಟು. ಸಂಶಯಿತ ಆಹಾರಗಳನ್ನು ಸಾಮಾನ್ಯವಾಗಿ 2 ರಿಂದ 6 ವಾರಗಳ ಕಾಲ ಸಂಪೂರ್ಣವಾಗಿ ಕೈಬಿಟ್ಟು, ನಂತರ ಒಂದೊಂದಾಗಿ ಪುನಃ ಸೇರಿಸಿ ಪರಿಣಾಮವನ್ನು ಗಮನಿಸಲಾಗುತ್ತದೆ. ಕೈಬಿಟ್ಟ ಪದಾರ್ಥವು ಪೊಟ್ಟಣದ ಆಹಾರದ ಮೂಲಕ ಅರಿವಿಲ್ಲದೆ ಸೇವನೆಯಾದಲ್ಲಿ ತೊಂದರೆ ಮುಂದುವರಿಯುತ್ತದೆ ಹಾಗೂ ನಿಜವಾದ ಕಾರಣವೇ ಕಾರಣವಲ್ಲವೆಂಬ ತಪ್ಪು ತೀರ್ಮಾನಕ್ಕೆ ಎಡೆಯಾಗುತ್ತದೆ. ಆದ್ದರಿಂದ ಈ ಅವಧಿಯಲ್ಲಿ ಪ್ರತಿಯೊಂದು ಪೊಟ್ಟಣದ ಪದಾರ್ಥ ಪಟ್ಟಿಯನ್ನು ಕೊನೆಯವರೆಗೆ ಓದುವುದು ಅವಶ್ಯಕ.

ಆರಂಭಿಸುವ ಮುನ್ನ

1. ಗೋಧಿಯನ್ನು ಕೈಬಿಡುವ ಮೊದಲೇ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳತಕ್ಕದ್ದು. ಗೋಧಿ ಬಿಟ್ಟ ನಂತರ ಪರೀಕ್ಷಿಸಿದಲ್ಲಿ ಕಾಯಿಲೆ ಇದ್ದರೂ ಕಂಡುಬರದಿರಬಹುದು.
2. ಮಕ್ಕಳು, ಗರ್ಭಿಣಿಯರು ಹಾಗೂ ತೂಕ ಕಡಿಮೆಯಿರುವವರು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಈ ಕ್ರಮವನ್ನು ಅನುಸರಿಸಬಾರದು. ಹಾಲನ್ನು ಬಿಟ್ಟವರು ಸುಣ್ಣದ ಅಂಶಕ್ಕಾಗಿ ರಾಗಿಯಂತಹ ಬದಲಿ ಆಹಾರವನ್ನು ಸೇವಿಸುವುದು ಸೂಕ್ತ.
3. ಹಿಂದೆ ಉಸಿರಾಟದ ತೊಂದರೆ ಅಥವಾ ಮುಖ, ನಾಲಿಗೆಯ ಊತ ಉಂಟಾಗಿದ್ದವರು ಆ ಆಹಾರವನ್ನು ಮನೆಯಲ್ಲಿ ಪುನಃ ಸೇವಿಸಿ ಪರೀಕ್ಷಿಸಬಾರದು. ಇಂತಹ ಲಕ್ಷಣಗಳು ಕಂಡುಬಂದಲ್ಲಿ ತಕ್ಷಣ 108 ಕ್ಕೆ ಕರೆ ಮಾಡುವುದು.

ಲೇಬಲ್‌ನಲ್ಲಿ ಗಮನಿಸಬೇಕಾದ ಅಂಶಗಳು

ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಲೇಬಲಿಂಗ್ ಮತ್ತು ಪ್ರದರ್ಶನ) ವಿನಿಯಮಗಳು, 2020 ರ ಪ್ರಕಾರ ಪದಾರ್ಥಗಳನ್ನು ತೂಕ ಅಥವಾ ಪ್ರಮಾಣದ ಇಳಿಕೆಯ ಕ್ರಮದಲ್ಲಿ ನಮೂದಿಸಬೇಕು. ಪಟ್ಟಿಯ ಕೊನೆಯಲ್ಲಿರುವ ಪದಾರ್ಥವು ಅಲ್ಪ ಪ್ರಮಾಣದ್ದಾದರೂ ವರ್ಜನ ಕ್ರಮಕ್ಕೆ ಭಂಗ ತರಬಲ್ಲದು.

ಈ ಕೆಳಕಂಡ ಅಲರ್ಜಿಕಾರಕಗಳು ಇದ್ದಲ್ಲಿ 'ಕಂಟೇನ್ಸ್' ಎಂಬ ಪದದೊಂದಿಗೆ ಪ್ರತ್ಯೇಕವಾಗಿ ಘೋಷಿಸುವುದು ಕಡ್ಡಾಯ:

- ಗ್ಲುಟೆನ್ ಇರುವ ಧಾನ್ಯಗಳು (ಗೋಧಿ, ಬಾರ್ಲಿ, ರೈ, ಓಟ್ಸ್ ಇತ್ಯಾದಿ)
- ಹಾಲು
- ಮೊಟ್ಟೆ
- ಮೀನು
- ಸಿಗಡಿ, ಏಡಿ ಮುಂತಾದ ಚಿಪ್ಪುಜೀವಿಗಳು
- ಕಡಲೆಕಾಯಿ
- ಗೋಡಂಬಿ, ಬಾದಾಮಿ ಮುಂತಾದ ಮರದ ಬೀಜಗಳು
- ಸೋಯಾ ಅವರೆ
- ಪ್ರತಿ ಕಿಲೋಗ್ರಾಂಗೆ 10 ಮಿಲಿಗ್ರಾಂ ಅಥವಾ ಹೆಚ್ಚಿನ ಸಲ್ಫೈಟ್

'ಮೇ ಕಂಟೇನ್' ಎಂದಿದ್ದಲ್ಲಿ, ತಯಾರಿಕೆಯ ಸ್ಥಳದಲ್ಲಿ ಆ ಪದಾರ್ಥವು ಬೆರೆತಿರುವ ಸಾಧ್ಯತೆಯಿದೆ ಎಂದರ್ಥ. ವರ್ಜನದ ಅವಧಿಯಲ್ಲಿ ಅಂತಹ ಪೊಟ್ಟಣವನ್ನೂ ಕೈಬಿಡುವುದು ಲೇಸು. ಈ ಪಟ್ಟಿಯಲ್ಲಿ ಇಲ್ಲದ ಎಳ್ಳು, ಸಾಸಿವೆ, ಜೋಳದ ಪಿಷ್ಟ ಮುಂತಾದವುಗಳನ್ನು ವರ್ಜಿಸಿದವರಿಗೆ ಈ ಘೋಷಣೆಯೊಂದೇ ಸಾಲದು. ಪೂರ್ಣ ಪಟ್ಟಿಯನ್ನು ಓದಬೇಕು.

ಹಸಿರು ಚಿಹ್ನೆಯು ಸಸ್ಯಾಹಾರವೆಂಬುದನ್ನು ಮಾತ್ರ ಸೂಚಿಸುತ್ತದೆ; ಹಾಲಿನ ಅಂಶ ಇಲ್ಲವೆಂದು ಸೂಚಿಸುವುದಿಲ್ಲ.

ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕಾಗಿದ್ದು, ಕನ್ನಡದ ವಿವರ ಹೆಚ್ಚುವರಿಯಾಗಿ ಮಾತ್ರ ಇರಬಹುದು. ಇಂಗ್ಲಿಷ್ ಓದಲು ಬಾರದವರು ವರ್ಜಿಸಬೇಕಾದ ಪದಾರ್ಥಗಳ ಹೆಸರುಗಳನ್ನು ವೈದ್ಯರಿಂದ ಚೀಟಿಯಲ್ಲಿ ಬರೆಯಿಸಿಕೊಂಡು ಅಂಗಡಿಯಲ್ಲಿ ತಾಳೆ ನೋಡಬಹುದು.

ಬೇರೆ ಹೆಸರುಗಳಲ್ಲಿ ಬರುವ ಪದಾರ್ಥಗಳು

- ಗೋಧಿ: ಮೈದಾ, ಆಟಾ, ರವೆ, ಸೂಜಿ, ಸೆಮೊಲಿನಾ. ಹೆಚ್ಚಿನ ಶಾವಿಗೆ ಹಾಗೂ ಸೋಯಾ ಸಾಸ್‌ಗಳಲ್ಲಿಯೂ ಇರುತ್ತದೆ.
- ಬಾರ್ಲಿ: ಮಾಲ್ಟ್, ಮಾಲ್ಟ್ ಎಕ್ಸ್‌ಟ್ರಾಕ್ಟ್.
- ಹಾಲು: ಮಿಲ್ಕ್ ಸಾಲಿಡ್ಸ್, ವೇ, ಕೇಸೀನ್, ಕೇಸಿನೇಟ್.
- ಮೊಟ್ಟೆ: ಆಲ್ಬುಮಿನ್, ಲೈಸೊಜೈಮ್ (ಐಎನ್‌ಎಸ್ 1105).
- ಸೋಯಾ: ಲೆಸಿಥಿನ್ (ಐಎನ್‌ಎಸ್ 322). ಇದನ್ನು ಸೂರ್ಯಕಾಂತಿ ಮುಂತಾದ ಮೂಲಗಳಿಂದಲೂ ತಯಾರಿಸಲಾಗುತ್ತದೆ.
- ಸಲ್ಫೈಟ್: ಐಎನ್‌ಎಸ್ 220 ರಿಂದ 228 ರವರೆಗಿನ ಸಂಖ್ಯೆಗಳು.

ಇಂಗಿನ ಬಗ್ಗೆ ವಿಶೇಷ ಸೂಚನೆ

ಮಾರುಕಟ್ಟೆಯಲ್ಲಿ ದೊರೆಯುವ ಇಂಗು ಬಹುತೇಕ ಮಿಶ್ರ ಇಂಗಾಗಿದ್ದು, ಇದಕ್ಕೆ ಗೋಂದು, ಪಿಷ್ಟ ಅಥವಾ ಧಾನ್ಯದ ಹಿಟ್ಟನ್ನು ಸೇರಿಸಲಾಗಿರುತ್ತದೆ. ಈ ಹಿಟ್ಟು ಅನೇಕ ಬಾರಿ ಗೋಧಿಯದ್ದಾಗಿರುತ್ತದೆ. ಚಪಾತಿ, ಬ್ರೆಡ್, ಉಪ್ಪಿಟ್ಟುಗಳನ್ನು ಬಿಟ್ಟವರು ಸಹ ಸಾರಿನ ಒಗ್ಗರಣೆ, ಸಾರಿನ ಪುಡಿ, ಉಪ್ಪಿನಕಾಯಿ ಹಾಗೂ ಹಪ್ಪಳದ ಮೂಲಕ ಪ್ರತಿದಿನ ಗೋಧಿಯನ್ನು ಸೇವಿಸುತ್ತಿರುವ ಸಾಧ್ಯತೆಯಿರುತ್ತದೆ. ಅಕ್ಕಿ ಹಿಟ್ಟು ಅಥವಾ ಗೋಂದನ್ನು ಮಾತ್ರ ಬಳಸಿದ ಇಂಗನ್ನು ಲೇಬಲ್ ನೋಡಿ ಆರಿಸಿಕೊಳ್ಳುವುದು, ಇಲ್ಲವೇ ಪರೀಕ್ಷಾ ಅವಧಿಯಲ್ಲಿ ಬೆಳ್ಳುಳ್ಳಿ ಅಥವಾ ಜೀರಿಗೆಯ ಒಗ್ಗರಣೆಯನ್ನು ಬಳಸುವುದು. 'ಗ್ಲುಟೆನ್ ರಹಿತ' ಎಂದು ಘೋಷಿಸಿದ ಆಹಾರದಲ್ಲಿ ಗ್ಲುಟೆನ್ ಪ್ರತಿ ಕಿಲೋಗ್ರಾಂಗೆ 20 ಮಿಲಿಗ್ರಾಂ ಮೀರಿರಬಾರದು.

ಲೇಬಲ್ ಇಲ್ಲದ ಆಹಾರಗಳು

ಬೇಕರಿ, ಹೋಟೆಲ್ ಹಾಗೂ ಸಂತೆಯಲ್ಲಿ ಬಿಡಿಯಾಗಿ ಮಾರುವ ತಿನಿಸುಗಳ ಪದಾರ್ಥಗಳನ್ನು ಖಚಿತಪಡಿಸಿಕೊಳ್ಳುವುದು ಕಷ್ಟ. ಈ ಅವಧಿಯಲ್ಲಿ ಇವುಗಳನ್ನು ಬಿಡುವುದು ಉತ್ತಮ. ತಯಾರಕರು ಸೂತ್ರವನ್ನು ಬದಲಿಸುವುದರಿಂದ, ಪರಿಚಿತ ಪೊಟ್ಟಣವನ್ನೂ ಪ್ರತಿ ಖರೀದಿಯಲ್ಲಿ ಓದತಕ್ಕದ್ದು. ಸೇವಿಸಿದ ಆಹಾರ, ಸಮಯ ಹಾಗೂ ಲಕ್ಷಣಗಳನ್ನು ದಿನಚರಿಯಲ್ಲಿ ಬರೆದು, ಖಾಲಿ ಪೊಟ್ಟಣಗಳನ್ನು ಇಟ್ಟುಕೊಂಡಲ್ಲಿ ವೈದ್ಯರಿಗೆ ಅನುಕೂಲವಾಗುತ್ತದೆ.

ವಿಶ್ಲೇಷಣೆ ಮತ್ತು ದೂರು

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ರ ಕಲಂ 40 ರನ್ವಯ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಆಹಾರವನ್ನು ಪರೀಕ್ಷಿಸಿಕೊಳ್ಳಬಹುದು. ಈ ಉದ್ದೇಶವನ್ನು ಖರೀದಿಸುವಾಗಲೇ ಮಾರಾಟಗಾರರಿಗೆ ತಿಳಿಸಿರಬೇಕು. ಆಹಾರವು ಕಾಯ್ದೆಗೆ ಅನುಗುಣವಾಗಿಲ್ಲವೆಂದು ವರದಿಯಾದಲ್ಲಿ ಶುಲ್ಕವನ್ನು ಹಿಂಪಡೆಯಲು ಅವಕಾಶವಿದೆ. ಅಲರ್ಜಿಕಾರಕವನ್ನು ಘೋಷಿಸದ ಪೊಟ್ಟಣಗಳ ಬಗ್ಗೆ ಸಂಬಂಧಪಟ್ಟ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಸಲ್ಲಿಸಬಹುದು. ದೂರಿನೊಂದಿಗೆ ಪೊಟ್ಟಣ, ಖರೀದಿ ರಸೀದಿ, ಬ್ಯಾಚ್ ಸಂಖ್ಯೆ ಹಾಗೂ 14 ಅಂಕಿಗಳ ಪರವಾನಗಿ ಸಂಖ್ಯೆಯ ವಿವರಗಳನ್ನು ಒದಗಿಸುವುದು.