ಕೆರೆಬಂಡಿ ನಿಂತ ಮೇಲೆ

ಉತ್ತರಕ್ಕೆ ಮಲಪ್ರಭೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಿನ ಗದಗ ಸೀಮೆಗೆ ನದಿಗಳ ಸಾಮೀಪ್ಯವಿದ್ದರೂ ನೀರಿನ ನೆಮ್ಮದಿ ಎಂದೂ ಇರಲಿಲ್ಲ. ಬಿದ್ದ ಮಳೆಯನ್ನು ಹಿಡಿದಿಡುವುದೇ ಇಲ್ಲಿಯ ಹಿರಿಯರ ಮೊದಲ ಕಾಯಕವಾಗಿತ್ತು. ಲಕ್ಷ್ಮೇಶ್ವರದ ಪ್ರಾಚೀನ ನಾಮವಾದ ಪುಲಿಗೆರೆಯಲ್ಲಿಯೇ ಕೆರೆಯಿದೆ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ವಿಶಾಲವಾದ ಕೆರೆಯೂ ಜಪದ ಬಾವಿಯೂ ಇವೆ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂಬುದು ಜನರ ಮಾತು. ಎಣಿಕೆ ಏನೇ ಇರಲಿ, ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿಯ ಮೆಟ್ಟಿಲಿಳಿದವರಿಗೆ ಆ ಮಾತು ಉತ್ಪ್ರೇಕ್ಷೆಯೆನಿಸದು.

ಕೆರೆ ಕಟ್ಟಿಸಿದ ಅರಸರ, ದಂಡನಾಯಕರ ಹೆಸರುಗಳನ್ನು ಶಾಸನಗಳು ಹಾಡಿ ಹೊಗಳುತ್ತವೆ. ಆದರೆ ಕಟ್ಟಿದ ಕೆರೆಯನ್ನು ಶತಮಾನಗಳ ಕಾಲ ಉಳಿಸಿದ್ದು ಬೇರೆಯೇ ಒಂದು ಏರ್ಪಾಡು. ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿ ಕೆರೆಗೊಡಗೆ. ಕೆರೆಯ ಕೆಳಗಿನ ಬೆಳೆಯಲ್ಲಿ ಕೆರೆಯ ಪಾಲಿಗೆ ಸಲ್ಲುತ್ತಿದ್ದುದು ಬಿತ್ತುವಟ್ಟ. ಹೂಳನ್ನೂ ಏರಿಯ ಮಣ್ಣನ್ನೂ ಸಾಗಿಸಲು ಮೀಸಲಿಟ್ಟ ಬಂಡಿ, ಕೆರೆಬಂಡಿ. ಬರ ಬಂದಾಗ ಎಚ್ಚೆತ್ತುಕೊಂಡು ಮಾಡಿದ ಕೆಲಸಗಳಲ್ಲ ಇವು. ನೀರು ತುಂಬಿರುವಾಗಲೇ ಊರು ತನಗೆ ತಾನೇ ವಿಧಿಸಿಕೊಂಡ ಕಟ್ಟಳೆಗಳು.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಭಕ್ತಸಮೂಹವನ್ನು ಕೂಡಿಸಿಕೊಂಡು ಕೆರೆ ಕಟ್ಟಿಸಿದ್ದು ಸರ್ವವಿದಿತ. ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಅವರನ್ನು ‘ಒಡ್ಡರಾಮ’ನೆಂದು ಕರೆದರೆಂದೂ, ಕೆರಳಿದ ಶಿಷ್ಯರು ಪ್ರಭುವಿನತ್ತ ಕಲ್ಲೆಸೆದರೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಪ್ರಭುಗಳು ಪ್ರಶ್ನಿಸಿದ್ದು ಕೆರೆಯನ್ನಲ್ಲ, ಕಟ್ಟಿಸಿದೆನೆಂಬ ಭಾವವನ್ನು. ನಾಡಿನ ಬಹುಪಾಲು ಕೆರೆಗಳಿಗೆ ಮಣ್ಣು ಹೊತ್ತ ಒಡ್ಡರ ಹೆಸರು ಶಾಸನಗಳಲ್ಲಿ ಉಳಿಯಲಿಲ್ಲ. ನಿಂದೆಯೆಂದು ಶಿಷ್ಯರು ತಿಳಿದ ಆ ಒಂದು ಸಂಬೋಧನೆಯಲ್ಲಿ ಉಳಿಯಿತು.

1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮುಂಬಯಿ ಆಧಿಪತ್ಯದ ಈ ಭಾಗವನ್ನು ಘೋರ ಕ್ಷಾಮ ಬಡಿಯಿತು. ಸರಕಾರ ಬರಗಾಲದ ಕಾಮಗಾರಿಗಳನ್ನು ತೆರೆಯಿತು. ಹಸಿದ ಜನರು ಅರೆಹೊಟ್ಟೆಯ ಕೂಲಿಗೆ ರಸ್ತೆ, ಕೆರೆಗಳ ಮಣ್ಣು ಅಗೆದರು. ಅದೇ ಗುದ್ದಲಿ, ಅದೇ ಬುಟ್ಟಿ. ಆದರೆ ಕೆಲಸ ಊರಿನದಾಗಿರಲಿಲ್ಲ, ಕೂಲಿಯದಾಗಿತ್ತು.

ಮುಂದೆ ತುಂಗಭದ್ರೆಯ ನೀರು ಪಂಪು ಕೊಳವೆಗಳ ಮೂಲಕ ಗದಗ-ಬೆಟಗೇರಿಯ ಮನೆಗಳಿಗೆ ಬಂದಿತು. ಕೊಡ ಹೊತ್ತು ಬಳಲಿದ ತಾಯಂದಿರಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ನಲ್ಲಿ ಬಂದಂತೆ ಬಾವಿಗೆ ಕಸ ಬಿದ್ದಿತು, ಕೆರೆಗೆ ಹೂಳು ತುಂಬಿತು. ಬೇಸಗೆಯಲ್ಲಿ ನದಿ ಬತ್ತಿದಾಗ, ಕೊಳವೆ ಒಡೆದಾಗ ಮಾತ್ರ ಹಳೆಯ ಬಾವಿಯ ನೆನಪು. ಟ್ಯಾಂಕರಿನ ಮುಂದೆ ಸಾಲುನಿಂತ ಕೊಡಗಳ ನಡುವೆ ಜಗಳವೂ ಹುಟ್ಟುತ್ತದೆ, ಮುದುಕರ ಕೊಡ ಮುಂದೆ ಬಿಡುವ ಔದಾರ್ಯವೂ ಹುಟ್ಟುತ್ತದೆ. ನೀರು ಬಂದ ಮರುದಿನ ಎರಡೂ ಮರೆತುಹೋಗುತ್ತವೆ.

ಹಾಗೆ ಮರೆಯದ ಒಂದು ಉದಾಹರಣೆ ನೆರೆಯ ಕೊಪ್ಪಳದಲ್ಲಿದೆ. ಬರದಿಂದ ಬಳಲಿದ್ದ 2019ರ ಬೇಸಗೆಯಲ್ಲಿ ಅಲ್ಲಿಯ ಗವಿಮಠದ ಪೂಜ್ಯ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ತುಂಗಭದ್ರೆಯನ್ನು ಸೇರುವ ಹಿರೇಹಳ್ಳದ ಪುನಶ್ಚೇತನಕ್ಕೆ ಕೈಹಾಕಿದರು. ಜಾಲಿ, ಆಪು, ಹೂಳು, ಪ್ಲಾಸ್ಟಿಕ್ ಕಸಗಳಿಂದ ಹಳ್ಳ ಗುರುತು ಸಿಗದಂತಾಗಿತ್ತು. ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ಉದ್ದದ ಪಾತ್ರದಲ್ಲಿ ಸ್ವಾಮಿಗಳು ತಾವೇ ಬಿಸಿಲಲ್ಲಿ ನಿಂತರು. ಉಳ್ಳವರು ಹಣ ಕೊಟ್ಟರು, ಉಳಿದವರು ಮೈಮುರಿದು ದುಡಿದರು. ಯಂತ್ರಗಳು ಬಂದವು, ಅವುಗಳ ಜೊತೆಗೆ ಕೈಗಳೂ ಬಂದವು. ಸರಕಾರದ ಆದೇಶಕ್ಕಾಗಿ ಯಾರೂ ಕಾಯಲಿಲ್ಲ.

ಗದಗ ಸೀಮೆಯಲ್ಲಿ ಇಂಥ ಕೈಗಳಿಗಾಗಿ ಕಾದಿರುವ ನೀರಿಗೆ ಕೊರತೆಯಿಲ್ಲ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಆಶ್ರಯ. 2024ರಲ್ಲಿ ಅದು ಅಂತಾರಾಷ್ಟ್ರೀಯ ಮಹತ್ವದ ರಾಮ್‌ಸರ್ ಜೌಗುತಾಣಗಳ ಪಟ್ಟಿಗೆ ಸೇರಿತು. ಆ ನೀರು ಕಲುಷಿತವಾಗಿರುವುದರಿಂದ ಹೊಲಗಳಿಗೆ ಬಳಕೆಯಾಗುವುದೇ ಹೊರತು ಕುಡಿಯಲು ಯೋಗ್ಯವಲ್ಲವೆಂದು ಅದೇ ಪಟ್ಟಿಯ ವಿವರಣೆ ತಿಳಿಸುತ್ತದೆ.