ದಿ ಟ್ರೈನ್: ವರ್ಣಚಿತ್ರಗಳ ರೈಲು, ಜೀವ ತೆತ್ತ ಕಾರ್ಮಿಕರು

ಎರಡನೇ ಮಹಾಯುದ್ಧದ ಹಿನ್ನೆಲೆಯ ಚಲನಚಿತ್ರಗಳಲ್ಲಿ 1964ರ 'ದಿ ಟ್ರೈನ್'ಗೆ ವಿಶಿಷ್ಟ ಸ್ಥಾನವಿದೆ. ನಾಜಿಗಳು ದೋಚಿದ ಕಲಾಕೃತಿಗಳು ಫ್ರಾನ್ಸಿನ ಗಡಿ ದಾಟದಂತೆ ತಡೆಯುವ ರೈಲ್ವೆ ಕಾರ್ಮಿಕರ ಹೋರಾಟವೇ ಇದರ ವಸ್ತು. ಜಾನ್ ಫ್ರಾಂಕನ್‌ಹೈಮರ್ ನಿರ್ದೇಶನದ ಈ ಕಪ್ಪು-ಬಿಳುಪು ಚಿತ್ರದಲ್ಲಿ ಬರ್ಟ್ ಲ್ಯಾಂಕಾಸ್ಟರ್, ಪಾಲ್ ಸ್ಕೋಫೀಲ್ಡ್, ಝಾನ್ ಮೊರೊ ಹಾಗೂ ಮಿಶೆಲ್ ಸಿಮೋನ್ ನಟಿಸಿದ್ದಾರೆ. ಸಂಗೀತ ಮೋರಿಸ್ ಜಾರ್ ಅವರದು.

ಕಥಾವಸ್ತು

1944ರ ಆಗಸ್ಟ್. ಮಿತ್ರಪಡೆಗಳು ಪ್ಯಾರಿಸ್‌ನತ್ತ ಧಾವಿಸುತ್ತಿವೆ. ಕಲಾಪ್ರೇಮಿಯಾದ ಜರ್ಮನ್ ಕರ್ನಲ್ ವಾನ್ ವಾಲ್ಡ್‌ಹೈಮ್, ಪಿಕಾಸೊ, ಸೆಜಾನ್ ಮೊದಲಾದವರ ಚಿತ್ರಗಳನ್ನು ರೈಲಿನಲ್ಲಿ ಜರ್ಮನಿಗೆ ಸಾಗಿಸಲು ಹೊರಡುತ್ತಾನೆ. ಅದನ್ನು ತಡೆಯಬೇಕೆಂಬ ಕೋರಿಕೆಯನ್ನು ರೈಲ್ವೆ ಇನ್ಸ್‌ಪೆಕ್ಟರ್ ಲಬಿಶ್ ಮೊದಲು ನಿರಾಕರಿಸುತ್ತಾನೆ. ಚಿತ್ರಪಟಗಳಿಗಾಗಿ ಮನುಷ್ಯರ ಪ್ರಾಣವನ್ನು ಪಣವಿಡಲು ಅವನು ಸಿದ್ಧನಿಲ್ಲ. ಎಂಜಿನ್ ಕೆಡಿಸಿದ ವೃದ್ಧ ಚಾಲಕ ಬೂಲ್‌ನನ್ನು ಜರ್ಮನರು ಗುಂಡಿಕ್ಕಿ ಕೊಂದ ನಂತರ ಅವನ ನಿಲುವು ಬದಲಾಗುತ್ತದೆ. ನಿಲ್ದಾಣಗಳ ಹೆಸರುಗಳನ್ನೇ ಬದಲಿಸಿ, ರೈಲು ಜರ್ಮನಿ ತಲುಪಿತೆಂದು ಸೈನಿಕರನ್ನು ನಂಬಿಸುವ ಪ್ರಸಂಗ ಬಹು ಸ್ವಾರಸ್ಯಕರ. ಆದರೆ ಈ ಜಾಣ್ಮೆಗೆ ತೆರಬೇಕಾದ ಬೆಲೆಯೂ ಅಷ್ಟೇ ಘೋರ.

ನಿಜ ಘಟನೆ

ಚಿತ್ರಕ್ಕೆ ಪ್ರೇರಣೆ, ಪ್ಯಾರಿಸ್‌ನ ಜ್ಯು ದ ಪೋಮ್ ಸಂಗ್ರಹಾಲಯದ ಅಧಿಕಾರಿ ರೋಸ್ ವಾಲಾಂ 1961ರಲ್ಲಿ ಪ್ರಕಟಿಸಿದ ಸ್ಮೃತಿಗ್ರಂಥ. ಯಹೂದಿ ಕುಟುಂಬಗಳಿಂದ ಕಿತ್ತುಕೊಂಡ ಕಲಾಕೃತಿಗಳನ್ನು ನಾಜಿಗಳು ಅಲ್ಲಿಯೇ ಸಂಗ್ರಹಿಸುತ್ತಿದ್ದರು. ತಮಗೆ ಜರ್ಮನ್ ಭಾಷೆ ತಿಳಿದಿದೆ ಎಂಬುದನ್ನು ಮರೆಮಾಚಿ, ಯಾವ ಕೃತಿ ಯಾರದು, ಎಲ್ಲಿಗೆ ಹೋಯಿತು ಎಂಬ ವಿವರವನ್ನು ವಾಲಾಂ ಗುಟ್ಟಾಗಿ ದಾಖಲಿಸಿದರು.

1944ರ ಆಗಸ್ಟ್ ಆರಂಭದಲ್ಲಿ 148 ಪೆಟ್ಟಿಗೆ ಕಲಾಕೃತಿಗಳು ರೈಲು ಸೇರಿದಾಗ, ಅವರು ನೀಡಿದ ಸುಳಿವು ಪ್ರತಿರೋಧ ಹೋರಾಟಗಾರರಿಗೆ ತಲುಪಿತು. ವಾಸ್ತವದಲ್ಲಿ ಡಿಕ್ಕಿ, ಸ್ಫೋಟಗಳು ನಡೆಯಲಿಲ್ಲ. ರೈಲ್ವೆ ನೌಕರರು ಒಂದಲ್ಲ ಒಂದು ತಾಂತ್ರಿಕ ನೆಪವೊಡ್ಡಿ ವಿಳಂಬಿಸಿದ್ದರಿಂದ ರೈಲು ಪ್ಯಾರಿಸ್ ಹೊರವಲಯದ ಓಲ್ನೆ ದಾಟಲಿಲ್ಲ. ಆಗಸ್ಟ್ 27ರಂದು ಅದನ್ನು ವಶಪಡಿಸಿಕೊಂಡ ಫ್ರೆಂಚ್ ತುಕಡಿಯಲ್ಲಿದ್ದ ಲೆಫ್ಟಿನೆಂಟ್ ಅಲೆಕ್ಸಾಂಡರ್ ರೋಸನ್‌ಬರ್ಗ್‌ಗೆ ಪೆಟ್ಟಿಗೆಗಳಲ್ಲಿ ಕಂಡದ್ದು, ಕಲಾ ವ್ಯಾಪಾರಿಯಾಗಿದ್ದ ತಂದೆ ಪಾಲ್ ರೋಸನ್‌ಬರ್ಗ್ ಅವರ ಸಂಗ್ರಹದ ಚಿತ್ರಗಳು!

ನಿರ್ಮಾಣ

ಚಿತ್ರೀಕರಣ ಆರಂಭವಾದ ಕೆಲವೇ ದಿನಗಳಲ್ಲಿ ಮೊದಲ ನಿರ್ದೇಶಕ ಆರ್ಥರ್ ಪೆನ್ ಅವರನ್ನು ಕೈಬಿಟ್ಟು ಫ್ರಾಂಕನ್‌ಹೈಮರ್ ಅವರಿಗೆ ಹೊಣೆ ವಹಿಸಲಾಯಿತು. ಪುಟ್ಟ ಮಾದರಿಗಳ ಬದಲು ನಿಜವಾದ ಎಂಜಿನ್‌ಗಳನ್ನೇ ಡಿಕ್ಕಿ ಹೊಡೆಸಲಾಯಿತು. ಲ್ಯಾಂಕಾಸ್ಟರ್ ಸಾಹಸ ದೃಶ್ಯಗಳಲ್ಲಿ ಸ್ವತಃ ಅಭಿನಯಿಸಿದರು. ಬಿಡುವಿನಲ್ಲಿ ಗಾಲ್ಫ್ ಆಡುವಾಗ ಅವರ ಮಂಡಿಗೆ ಪೆಟ್ಟಾದ್ದರಿಂದ, ನಾಯಕನ ಕಾಲಿಗೆ ಗುಂಡು ತಗಲುವ ಸನ್ನಿವೇಶವನ್ನು ಕಥೆಯಲ್ಲಿ ಸೇರಿಸಬೇಕಾಯಿತು. ಚಿತ್ರಕಥೆ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು.

ಉಳಿಯುವ ಪ್ರಶ್ನೆ

ಅಂತ್ಯದಲ್ಲಿ ಹಳಿಯ ಪಕ್ಕ ಚೆಲ್ಲಿದ ಪೆಟ್ಟಿಗೆಗಳೂ ಹತ್ಯೆಗೊಂಡ ಒತ್ತೆಯಾಳುಗಳ ಶವಗಳೂ ಒಂದರ ನಂತರ ಒಂದು ತೆರೆಯ ಮೇಲೆ ಬರುತ್ತವೆ. ಕಲೆಯನ್ನು ಆರಾಧಿಸುವ ಕರ್ನಲ್‌ಗೆ ಮನುಷ್ಯಜೀವ ತೃಣಸಮಾನ. ಕಲೆಯ ಗಂಧವಿಲ್ಲದ ಕಾರ್ಮಿಕ ಅದನ್ನು ಉಳಿಸುತ್ತಾನೆ. ಇಷ್ಟು ಜೀವಗಳಿಗೆ ಈ ಚಿತ್ರಗಳು ಸಮವೇ ಎಂಬ ಪ್ರಶ್ನೆಗೆ ಚಿತ್ರ ಉತ್ತರಿಸುವುದಿಲ್ಲ.

ಯುದ್ಧಾನಂತರ ವಾಲಾಂ ಜರ್ಮನಿಗೆ ತೆರಳಿ, ಕಳುವಾದ ಕೃತಿಗಳ ಶೋಧದಲ್ಲಿ ವರ್ಷಗಟ್ಟಲೆ ದುಡಿದರು. ಸುಮಾರು 60,000 ಕೃತಿ, ವಸ್ತುಗಳು ಫ್ರಾನ್ಸಿಗೆ ಮರಳಿದವು. ಅವುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೃತಿಗಳು ಇಂದಿಗೂ ವಾರಸುದಾರರ ಕೈ ಸೇರದೆ ಅಲ್ಲಿನ ಸಂಗ್ರಹಾಲಯಗಳ ಸುಪರ್ದಿಯಲ್ಲಿವೆ.